ಕೆರೆಗೆ ಹೊಸ ದೋಣಿ ಬಂತು; ಹಳೇ ಒಕ್ಕಲಿನ ಗತಿ ಏನು?

ತಿ. ನರಸೀಪುರದ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ವರುಣಾ ಕೆರೆ ಹೊಸದೇನಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕವರು ಕಣ್ತುಂಬ ನೀರು ನೋಡುತ್ತಾರೆ. ಸಿಗದವರು ಕತ್ತು ಉದ್ದ ಮಾಡಿ ನೋಡುತ್ತಾರೆ. ಈ ಕೆರೆಯಲ್ಲಿ ಜಲಕ್ರೀಡೆ ಶುರುವಾಗಿ, ಕಯಾಕ್ ಎಂಬ ಸಣ್ಣ ದೋಣಿ ಇಳಿದು ವರ್ಷಗಳೇ ಆದವು. ಒಬ್ಬರೋ ಇಬ್ಬರೋ ಕೂತು, ಎರಡೂ ತುದಿಗೆ ಹಲಗೆಯಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿದರೆ ಆಯಿತು, ದೋಣಿ ಮುಂದಕ್ಕೆ ಜಾರುತ್ತದೆ.

ಇದು ಒಳ್ಳೆಯ ಆಟವೇ. ಎಣ್ಣೆ ಬೇಡ, ಎಂಜಿನ್ನಿಲ್ಲ, ಹೊಗೆಯಿಲ್ಲ, ಗದ್ದಲವಿಲ್ಲ. ವಾರವೆಲ್ಲ ಗಲ್ಲಾಪೆಟ್ಟಿಗೆ ಮುಂದೆ ಕೂತ ಅಂಗಡಿಯವರು, ಕಚೇರಿಯಲ್ಲಿ ಬೆನ್ನು ಬಗ್ಗಿಸಿದ ಗುಮಾಸ್ತರು ಭಾನುವಾರ ಒಂದು ತಾಸು ನೀರಿನ ಮೇಲೆ ತೇಲಿ, ಮಕ್ಕಳಿಗೆ ಹೆಜ್ಜಾರ್ಲೆ, ಮಿಂಚುಳ್ಳಿ, ನೀರುಕಾಗೆ ತೋರಿಸಿದರೆ ಯಾರಿಗೂ ಹೊಟ್ಟೆಕಿಚ್ಚು ಬೇಡ. ದಂಡೆಯಲ್ಲಿ ಚಹಾ, ಚುರುಮುರಿ, ಬೇಯಿಸಿದ ಕಡಲೆಕಾಯಿ ಮಾರುವವರಿಗೂ ನಾಲ್ಕು ಕಾಸಾಗುತ್ತದೆ.

ಆದರೆ ಒಂದು ಮಾತು ಪದೇ ಪದೇ ಕೇಳಿಬರುತ್ತದೆ. “ಮೋಟಾರು ದೋಣಿಯಾದರೆ ಸರಿ, ಹಕ್ಕಿಗೆ ತೊಂದರೆ. ಕಯಾಕಿನಿಂದ ಏನು ತೊಂದರೆ ಸ್ವಾಮಿ? ಸದ್ದೇ ಇಲ್ಲವಲ್ಲ!” ಈ ಮಾತು ಅರ್ಧ ನಿಜ, ಅರ್ಧ ಸುಳ್ಳು.

ಕಯಾಕ್ ಹುಟ್ಟಿದ್ದು ವಿಹಾರಕ್ಕಲ್ಲ, ಬೇಟೆಗೆ. ಉತ್ತರ ಧ್ರುವದ ಕಡೆಯ ಹಿಮನಾಡಿನ ಇನ್ಯೂಟ್ ಜನ ಚೌಕಟ್ಟು ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಮಾಡಿಕೊಂಡ ದೋಣಿ ಅದು. ಸದ್ದಿಲ್ಲದೆ ಪ್ರಾಣಿಯ ಹತ್ತಿರಕ್ಕೆ ಹೋಗುವುದೇ ಅದರ ಹೆಚ್ಚುಗಾರಿಕೆ. ಮೋಟಾರು ದೋಣಿಯಾದರೆ ದೂರದಿಂದಲೇ ಸುದ್ದಿ ಕೊಡುತ್ತದೆ, ಆಳದ ನೀರು ಬಿಟ್ಟು ಕದಲುವುದಿಲ್ಲ. ಕಯಾಕಿಗೆ ಮೊಣಕಾಲುದ್ದ ನೀರಿದ್ದರೂ ಸಾಕು. ಜೊಂಡಿನೊಳಗೆ, ತಾವರೆ ಎಲೆಗಳ ನಡುವೆ, ಹಕ್ಕಿ ಗೂಡು ಕಟ್ಟುವ ಜಾಗಕ್ಕೇ ನುಗ್ಗುತ್ತದೆ. ಹತ್ತಿರ ಬರುವ ತನಕ ಹಕ್ಕಿಗೆ ಗೊತ್ತೂ ಆಗುವುದಿಲ್ಲ.

ಆಮೇಲೆ ಆಗುವುದೇನು? ಗುಳುಮುಳುಕ ಹಕ್ಕಿಯನ್ನೇ ನೋಡಿ. ಇದರ ಗೂಡು ನೀರಿನ ಮೇಲೆ ತೇಲುವ ಕಳೆಯ ಗುಪ್ಪೆ. ತಾಯಿ ಗೂಡು ಬಿಟ್ಟು ಹೋಗುವಾಗ ಮೊಟ್ಟೆಗಳ ಮೇಲೆ ಕಳೆ ಎಳೆದು ಮುಚ್ಚಿ ಹೋಗುತ್ತದೆ. ದೋಣಿ ದಿಢೀರನೆ ಎದುರಾದರೆ ಮುಚ್ಚಲು ಪುರುಸೊತ್ತೆಲ್ಲಿ? ಮೇಲೆ ಕಾಗೆ, ಹದ್ದು ಕಾದಿರುತ್ತವೆ. ಬಾಲದ ದೇವನಕ್ಕಿಯಲ್ಲಿ ಕಾವು ಕೊಡುವುದು ಗಂಡು, ಅದೂ ತೇಲುವ ಎಲೆಗಳ ಮೇಲೆ. ಹುಟ್ಟಿನ ಒಂದು ಹೊಡೆತ ಸಾಕು, ಆ ಸಂಸಾರ ನೀರು ಪಾಲು.

ಚಳಿಗಾಲದ ನೆಂಟರ ಕಥೆ ಇನ್ನೊಂದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಮೈಸೂರು ಸೀಮೆಯ ಕೆರೆಗಳಿಗೆ ಬರುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಯಲ್ಲಿ ಕಂಡಿವೆ. ಹಿಮಾಲಯದ ನೆತ್ತಿಯಲ್ಲಿ ಇವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಈ ಹಕ್ಕಿಗಳು ರಾತ್ರಿ ಹೊತ್ತು ಹೊಲಗದ್ದೆಗಳಲ್ಲಿ ಮೇಯುತ್ತವೆ, ಹಗಲು ಕೆರೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತವೆ. ಅಂದರೆ ದೋಣಿ ವಿಹಾರದ ಹೊತ್ತು ಅವುಗಳ ಮಲಗುವ ಹೊತ್ತು. ರಾತ್ರಿ ಪಾಳಿ ಮುಗಿಸಿ ಬಂದವನ ಬಾಗಿಲನ್ನು ಹತ್ತು ಸಲ ತಟ್ಟಿದರೆ ಅವನ ಪಾಡೇನು? ಒಂದೊಂದು ಸಲ ಗಾಬರಿಯಿಂದ ಎದ್ದು ಹಾರಿದಾಗಲೂ ವಾಪಸು ಪ್ರಯಾಣಕ್ಕೆ ಕೂಡಿಟ್ಟ ಕೊಬ್ಬು ಖರ್ಚಾಗುತ್ತದೆ.

ಹಾಗಾದರೆ ದೋಣಿಯೇ ಬೇಡವೇ? ಬೇಡ ಎನ್ನುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕೆರೆಯನ್ನು ಹತ್ತಿರದಿಂದ ಕಂಡವರೇ ಕೆರೆಯ ಪರವಾಗಿ ಮಾತಾಡುವುದು. ಕುಕ್ಕರಹಳ್ಳಿ ಕೆರೆಗೆ ಚರಂಡಿ ನೀರು ಸೇರುತ್ತಿದೆ ಎಂದು ಗಲಾಟೆ ಎಬ್ಬಿಸಿದವರಲ್ಲಿ ದಿನಬೆಳಗಾದರೆ ಅದರ ದಂಡೆ ಸುತ್ತುವವರೂ ಇದ್ದರು. ಮನೆಯಲ್ಲಿ ಕೂತವರಿಗೆ ಕೆರೆ ಸತ್ತರೂ ತಿಳಿಯುವುದಿಲ್ಲ.

ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಪಕ್ಕದ ಶ್ರೀರಂಗಪಟ್ಟಣ ತಾಲ್ಲೂಕಿನ ರಂಗನತಿಟ್ಟಿದೆ. ಅಲ್ಲಿ ಹಕ್ಕಿಗಳಿಗೆ ರಕ್ಷಣೆ ಬೇಕೆಂದು ಪಕ್ಷಿತಜ್ಞ ಸಲೀಂ ಅಲಿ ಹೇಳಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿ ಇದೆ, ಜನ ಇದ್ದಾರೆ, ಹಕ್ಕಿಯೂ ಇದೆ. ದೋಣಿ ನಡೆಸುವವನಿಗೆ ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ಹುಟ್ಟು ನಿಲ್ಲಿಸಬೇಕು ಅನ್ನುವುದು ಗೊತ್ತು. ಹೊಳೆ ಉಕ್ಕಿದರೆ ದೋಣಿ ಬಂದ್. ಗುಟ್ಟು ಇಷ್ಟೇ. ಕಯಾಕಿನಲ್ಲಿ ಅಂಥ ದೋಣಿಗಾರನಿಲ್ಲ, ಹತ್ತಿದವನೇ ಯಜಮಾನ. ಆದ್ದರಿಂದಲೇ ಗೆರೆಯನ್ನು ನೀರಿನ ಮೇಲೇ ಎಳೆಯಬೇಕು.

ಜಿಲ್ಲಾಡಳಿತ, ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆಗಳು ಒಂದು ದಿನ ಒಟ್ಟಿಗೆ ಕೂತರೆ ಮುಗಿಯುವ ಕೆಲಸ ಇದು. ಜೊಂಡು ಬೆಳೆದ, ಆಳವಿಲ್ಲದ ಕಡೆಗೆ ತೇಲುವ ಡ್ರಮ್ಮು ಕಟ್ಟಿ ಅಲ್ಲಿಂದಾಚೆ ದೋಣಿ ಹೋಗಕೂಡದೆಂದು ಹೇಳಬೇಕು. ಹೆಬ್ಬಾತು ಬರುವ ನವೆಂಬರಿನಿಂದ ಮಾರ್ಚಿಯವರೆಗೆ ಹಿಂಡು ಇಳಿದ ಭಾಗವನ್ನು ಪೂರ್ತಿ ಬಿಟ್ಟುಕೊಡಬೇಕು. ಮೀನು ಹಿಡಿಯುವವರ ಬಲೆ ಎಲ್ಲಿದೆ ಎಂದು ಅವರನ್ನೇ ಕೇಳಿ ದಾರಿ ಗೊತ್ತುಮಾಡಬೇಕು; ಅವರ ಹೊಟ್ಟೆಪಾಡಿನ ಮೇಲೆ ಇನ್ನೊಬ್ಬರ ವಿಹಾರ ನಡೆಯಬಾರದು. ಕಾನೂನಿಗೇನೂ ಬರವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕಾಡುಹಕ್ಕಿಯ ಮೊಟ್ಟೆ, ಗೂಡು ಕೆದಕುವುದನ್ನೂ ಬೇಟೆ ಎಂದೇ ಎಣಿಸುತ್ತದೆ. ಈ ಸಂಗತಿ ದಂಡೆಯ ಬೋರ್ಡಿನಲ್ಲಿ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಇರಲಿ.

ಹಕ್ಕಿಯ ಮಾತಾಯಿತು, ಮನುಷ್ಯರ ಜೀವದ ಮಾತೂ ಇದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಕಾಡುಪ್ರಾಣಿ ನೋಡಲು ಹೋದ ದೋಣಿ ಮಗುಚಿ 45 ಮಂದಿ ತೀರಿಕೊಂಡರು. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಕೆರೆ ನೀರು ನಿಂತ ನೀರು, ಏನಾಗುತ್ತೆ ಬಿಡಿ ಅನ್ನುವವರು ಇದನ್ನು ನೆನಪಿಡಲಿ. ಲೈಫ್ ಜಾಕೆಟ್ಟಿನ ಗುಂಡಿ ಹಾಕದವನಿಗೆ, ಅವನು ಎಷ್ಟೇ ದೊಡ್ಡ ಮನುಷ್ಯನಾಗಲಿ, ಹುಟ್ಟು ಕೊಡಬಾರದು.

ಜನರ ಪಾಲಿಗೂ ಒಂದಿಷ್ಟು ಕೆಲಸ ಉಳಿದಿದೆ. ಹಿಂಡು ತಲೆಯೆತ್ತಿ ನೋಡಿತೆಂದರೆ ಅಲ್ಲಿಗೇ ಹುಟ್ಟು ನಿಲ್ಲಿಸಬೇಕು. ಫೋಟೋ ಚೆನ್ನಾಗಿ ಬರಲೆಂದು ಹಾರಿಸಬಾರದು. ಚುರುಮುರಿ ಪೊಟ್ಟಣ, ನೀರಿನ ಬಾಟಲಿ ತಂದವರೇ ವಾಪಸು ಒಯ್ಯಬೇಕು. ಒಂದು ತಾಸಿನ ಗಿರಾಕಿ ಒಕ್ಕಲನ್ನು ಎಬ್ಬಿಸಿದರೆ, ಮುಂದಿನ ವರ್ಷ ನೋಡಲು ಉಳಿಯುವುದು ಬರೀ ನೀರು. ಮುಂದಿನ ನವೆಂಬರಿನ ಒಳಗೆ ಆ ಡ್ರಮ್ಮುಗಳು ನೀರಿನ ಮೇಲೆ ತೇಲಬೇಕು. ಬಸ್ಸಿನ ಕಿಟಕಿಯಿಂದಲೇ ಕಾಣುವ ಕೆಲಸ ಇದು; ಆಯಿತೋ ಇಲ್ಲವೋ ಎಂದು ದಿನಾ ಓಡಾಡುವವರು ನೋಡುತ್ತಲೇ ಇರುತ್ತಾರೆ.