ಸಿಪಿಆರ್ ಚಿಕಿತ್ಸೆ: ಅದರ ಫಲ, ಮಿತಿ ಹಾಗೂ ಬೇಡವೆನ್ನುವ ಹಕ್ಕು

ಕೆಂಭಾವಿ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರ ಗಮನಕ್ಕೆ

ಘನತೆಯಿಂದ ಮರಣ ಹೊಂದುವ ಹಕ್ಕನ್ನು ಜಾರಿಗೆ ತರಲು ರಾಜ್ಯದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯು 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿದೆ. ಸದರಿ ಹಕ್ಕಿನಂತೆ ಮುಂಗಡ ವೈದ್ಯಕೀಯ ನಿರ್ದೇಶನ ಪತ್ರ ಮಾಡಿಸಲಿಚ್ಛಿಸುವವರು, ಸಿಪಿಆರ್ ಅಂದರೆ ಹೃದಯ-ಶ್ವಾಸಕೋಶ ಪುನಶ್ಚೇತನ ಚಿಕಿತ್ಸೆಯ ಸಾಮರ್ಥ್ಯವನ್ನೂ ಮಿತಿಯನ್ನೂ ಮೊದಲು ಅರಿಯುವುದು ಅವಶ್ಯಕ.

1. ಚಿಕಿತ್ಸೆಯ ಫಲ

ಹೃದಯವು ಹಠಾತ್ತನೆ ನಿಂತಾಗ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತಿದರೆ ಮಿದುಳಿಗೆ ರಕ್ತ ಹರಿಯುತ್ತಿರುತ್ತದೆ. ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಂಭವ ಕುಗ್ಗುತ್ತದೆ. ಅಮೆರಿಕದಂತಹ ದೇಶದಲ್ಲಿಯೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು, ಆಸ್ಪತ್ರೆಯೊಳಗೆ ಸುಮಾರು ನಾಲ್ಕರಲ್ಲಿ ಒಬ್ಬರು ಮಾತ್ರ ಬದುಕಿ ಮನೆಗೆ ಮರಳುತ್ತಾರೆ. ಕೊನೆಯ ಹಂತದ ಕ್ಯಾನ್ಸರ್ ಅಥವಾ ಬಹು ಅಂಗಾಂಗ ವೈಫಲ್ಯವಿದ್ದವರಲ್ಲಿ ಈ ಸಂಭವ ಅತ್ಯಲ್ಪ. ವೃದ್ಧರಲ್ಲಿ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಆದರೆ ಅಮೆರಿಕದ ದೂರದರ್ಶನ ಧಾರಾವಾಹಿಗಳ ಕುರಿತು 1996ರಲ್ಲಿ ಪ್ರಕಟವಾದ ಅಧ್ಯಯನದಂತೆ, ತೆರೆಯ ಮೇಲೆ ಮುಕ್ಕಾಲು ಪಾಲು ರೋಗಿಗಳು ತಕ್ಷಣಕ್ಕೆ ಬದುಕುಳಿದಿದ್ದರು. ಜನರ ನಿರೀಕ್ಷೆ ಅತಿಯಾಗಲು ಇದೂ ಒಂದು ಕಾರಣ.

2. ಜನರ ಮನೋಭಾವ

ಆಸೆ ಇಲ್ಲವೆಂದು ತಿಳಿದಾಗ ಹಿರಿಯರನ್ನು ಮನೆಗೆ ಕರೆತಂದು ಆರೈಕೆ ಮಾಡುವುದು ನಮ್ಮಲ್ಲಿ ಹೊಸತಲ್ಲ. ಅದೇ ಕುಟುಂಬ ತೀವ್ರ ನಿಗಾ ಘಟಕದ ಮುಂದೆ ನಿಂತಾಗ "ಬೇಡ" ಎನ್ನಲು ಅಂಜುತ್ತದೆ. ಮಕ್ಕಳೇ ಕೈಬಿಟ್ಟರೆಂಬ ಮಾತು ಬಂದೀತೆಂಬ ಭಯ, ದುಡಿಯಲು ದೂರ ಹೋದ ಮಗ ಬರುವವರೆಗಾದರೂ ಉಸಿರಿರಲಿ ಎಂಬ ಹಂಬಲ ಇದಕ್ಕೆ ಕಾರಣ. ಈ ನಡುವೆ ರೋಗಿಯ ಇಚ್ಛೆ ಏನಿತ್ತೆಂದು ಯಾರಿಗೂ ತಿಳಿದಿರುವುದಿಲ್ಲ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರು ದೀರ್ಘಕಾಲ ಹೋರಾಡಿದ್ದು ಈ ಇಚ್ಛೆಗೆ ಮನ್ನಣೆ ದೊರೆಯಲೆಂದೇ.

3. ನಿರ್ದೇಶನ ಪತ್ರದ ನಿಯಮಗಳು

ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಈ ಹಕ್ಕನ್ನು ಮಾನ್ಯ ಮಾಡಿ, 2023ರ ಜನವರಿ 24ರಂದು ವಿಧಾನವನ್ನು ಸರಳಗೊಳಿಸಿತು. ಅದರಂತೆ:

ಅ) ಸ್ವಸ್ಥಚಿತ್ತರಾದ ವಯಸ್ಕರು ಸ್ವ-ಇಚ್ಛೆಯಿಂದ ಲಿಖಿತವಾಗಿ ಮಾಡಿರಬೇಕು.
ಆ) ಇಬ್ಬರು ಸಾಕ್ಷಿಗಳ ಸಹಿ ಹಾಗೂ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇರಬೇಕು. ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ.
ಇ) ತಮ್ಮ ಪರವಾಗಿ ನಿರ್ಧರಿಸಲು ಕನಿಷ್ಠ ಇಬ್ಬರು ನಂಬಿಗಸ್ತರನ್ನು ಹೆಸರಿಸಬೇಕು.
ಈ) ಪ್ರತಿಯನ್ನು ಸದರಿಯವರಿಗೆ, ಕುಟುಂಬ ವೈದ್ಯರಿದ್ದಲ್ಲಿ ಅವರಿಗೆ ಹಾಗೂ ಸ್ಥಳೀಯ ಸಂಸ್ಥೆಯ ಸಕ್ಷಮ ಅಧಿಕಾರಿಗೆ ನೀಡಬೇಕು.
ಉ) ಯಾವಾಗ ಬೇಕಾದರೂ ಲಿಖಿತವಾಗಿ ಬದಲಿಸಬಹುದು ಅಥವಾ ಹಿಂಪಡೆಯಬಹುದು.

ರೋಗಿಯು ನಿರ್ಧರಿಸುವ ಶಕ್ತಿ ಕಳೆದುಕೊಂಡು, ಗುಣವಾಗುವ ಭರವಸೆ ಇಲ್ಲದಿದ್ದಾಗ ಮಾತ್ರ ಪತ್ರವು ಜಾರಿಗೆ ಬರುತ್ತದೆ. ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಎರಡನೆಯ ಮಂಡಳಿಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನಾಮನಿರ್ದೇಶಿಸಿದ ವೈದ್ಯರು ಇರುತ್ತಾರೆ.

4. ತಪ್ಪು ತಿಳುವಳಿಕೆ ಬೇಡ

ಇದು ಚುಚ್ಚುಮದ್ದು ನೀಡಿ ಪ್ರಾಣ ತೆಗೆಯುವ ವ್ಯವಸ್ಥೆಯಲ್ಲ. ಸಿಪಿಆರ್ ಬೇಡವೆಂದವರಿಗೂ ನೋವು ನಿವಾರಣೆ ಮತ್ತು ಶುಶ್ರೂಷೆ ಮುಂದುವರಿಯುತ್ತದೆ. ಹೊಲದಲ್ಲಾಗಲಿ ಸಂತೆಯಲ್ಲಾಗಲಿ ಯಾರಾದರೂ ಹಠಾತ್ತನೆ ಕುಸಿದು, ಪ್ರಜ್ಞೆ ತಪ್ಪಿ, ಸರಿಯಾಗಿ ಉಸಿರಾಡದಿದ್ದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ ಎದೆ ಒತ್ತಲು ಆರಂಭಿಸತಕ್ಕದ್ದು. ದೀರ್ಘ ಕಾಯಿಲೆಯ ಕೊನೆಗೆ ಬೇಕೋ ಬೇಡವೋ ಎಂಬ ಮಾತನ್ನು ಮಾತ್ರ, ಹಿರಿಯರು ಮಾತನಾಡಬಲ್ಲವರಾಗಿರುವಾಗಲೇ ಮನೆಯವರೆಲ್ಲ ಕುಳಿತು ಕೇಳಿ ತಿಳಿದುಕೊಳ್ಳುವುದು ಉಚಿತ.