ಇವು ತಾಯಂದಿರನ್ನು ದೂರುವ ಕಾದಂಬರಿಗಳೆ?

ಕಳೆದ ತಿಂಗಳು ನಮ್ಮ ಸಂಘದ ವಾಚನಾಲಯಕ್ಕೆ ಕೊಳ್ಳತಕ್ಕ ಪುಸ್ತಕಗಳ ಪಟ್ಟಿಯು ಚರ್ಚೆಗೆ ಬಂದಾಗ, ಅದರಲ್ಲಿದ್ದ ಮೂರು ಇಂಗ್ಲಿಷ್ ಕಾದಂಬರಿಗಳ ವಿಷಯವಾಗಿ ಹಿರಿಯ ಸದಸ್ಯರೊಬ್ಬರು ಆಕ್ಷೇಪಣೆಯನ್ನೆತ್ತಿದರು. ಮೂರೂ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನೆಲಸಿರುವ ಸ್ಪ್ಯಾನಿಷ್ ಮಾತಿನ ಕುಟುಂಬಗಳ ಹುಡುಗಿಯರು ಪ್ರಾಯಕ್ಕೆ ಬರುವ ಕಥೆಗಳು. ಹೆತ್ತವರನ್ನು, ಅದರಲ್ಲಿಯೂ ತಾಯಿಯನ್ನು, ದೂರುವುದನ್ನೇ ಇವು ಕಲಿಸುವುವು. ಹದಿನೈದು ವರ್ಷದ ಹುಡುಗಿಯ ಕೈಗೆ ಇವನ್ನು ಕೊಡುವುದು ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ ಎಂಬುದು ಅವರ ವಾದ. ಪುಸ್ತಕಗಳನ್ನು ತಾವು ಓದಿಲ್ಲವೆಂದು ಅವರೇ ಒಪ್ಪಿಕೊಂಡರು. ಆದರೂ ಪಟ್ಟಿಯಿಂದ ಮೂರೂ ಹೋದುವು. ಅವನ್ನು ಓದಿದ್ದ ನಾನು ಸಭೆಯಲ್ಲಿ ಬಾಯಿ ಬಿಡಲಿಲ್ಲ. ಆ ತಪ್ಪಿಗಾಗಿ ಈ ಲೇಖನ.

ಮೊದಲು ಹೆಸರಿನ ಮಾತು. ಈ ಜನರನ್ನು ಲ್ಯಾಟಿನೋ ಎನ್ನುವುದು ವಾಡಿಕೆ. ಸ್ಪ್ಯಾನಿಷ್ ವ್ಯಾಕರಣದಲ್ಲಿ ಅದು ಪುಲ್ಲಿಂಗವಾದುದರಿಂದ, ಎಲ್ಲರನ್ನೂ ಒಳಗೊಳ್ಳಲೆಂದು ಕೆಲವರು ಈಚೆಗೆ ಲ್ಯಾಟಿನೆಕ್ಸ್ ಎಂಬ ಪದವನ್ನು ಬಳಕೆಗೆ ತಂದರು. ವಿದ್ಯಾಪೀಠಗಳಲ್ಲಿ ಅದು ನಡೆಯಿತು. ಮನೆಗಳಲ್ಲಿ ಅಷ್ಟಾಗಿ ನಡೆಯಲಿಲ್ಲ. 2024ರಲ್ಲಿ ಪ್ಯೂ ಸಂಶೋಧನ ಕೇಂದ್ರವು ಪ್ರಕಟಿಸಿದ ಲೆಕ್ಕದಂತೆ, ಅವರ ಪೈಕಿ ತಮ್ಮನ್ನು ಹಾಗೆ ಕರೆದುಕೊಳ್ಳುವ ವಯಸ್ಕರು ನೂರಕ್ಕೆ 4 ಮಂದಿ. ಆ ಜಗಳ ಅವರ ಮನೆಯದು, ಅವರೇ ತೀರಿಸಿಕೊಳ್ಳಲಿ.

ನಮ್ಮ ಹಿರಿಯರ ದೂರಿಗೆ ಅಮೆರಿಕದಲ್ಲಿ ಹಳೆಯ ಸಂಗಾತಿಗಳಿರುವರು. ಹಾರ್ಲೆಮ್ಮಿನಲ್ಲಿ ಬೆಳೆದ ಪಿರಿ ಥಾಮಸರು ತಮ್ಮ ತಾರುಣ್ಯವನ್ನು ಕುರಿತು 1967ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು, ನ್ಯೂಯಾರ್ಕ್ ಸಂಸ್ಥಾನದ ಐಲೆಂಡ್ ಟ್ರೀಸ್ ಶಾಲಾಮಂಡಲಿಯು 1976ರಲ್ಲಿ ಬೇರೆ ಕೆಲವು ಪುಸ್ತಕಗಳ ಸಂಗಡ ಕಪಾಟಿನಿಂದ ತೆಗೆಸಿತು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1982ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಅವರ ಕಡೆಗಾಯಿತು, ಆದರೆ ಕಾರಣಗಳಲ್ಲಿ ನ್ಯಾಯಮೂರ್ತಿಗಳು ಒಮ್ಮತಕ್ಕೆ ಬರಲಿಲ್ಲ. ಆಮೇಲಾದರೂ ಬುದ್ಧಿ ಬಂದಿತೆ? 2010ರಲ್ಲಿ ಅರಿಜೋನಾ ಸಂಸ್ಥಾನವು, ಒಂದು ಜನಾಂಗದ ಮೇಲೆ ಮನಸ್ಸನ್ನು ಕೆರಳಿಸುವ ಪಾಠಗಳು ಕೂಡದೆಂದು ಶಾಸನ ಮಾಡಿತು. ಅದರ ಬಲದಿಂದ 2012ರ ಜನವರಿಯಲ್ಲಿ ಟೂಸಾನ್ ನಗರದ ಮೆಕ್ಸಿಕನ್ ಅಮೆರಿಕನ್ ಅಧ್ಯಯನದ ತರಗತಿಗಳು ನಿಂತುವು. ಏಳು ಪುಸ್ತಕಗಳು ಪೆಟ್ಟಿಗೆಗೆ ಸೇರಿ ದಾಸ್ತಾನಿಗೆ ಹೋದುವು. ಸಾಂಡ್ರಾ ಸಿಸ್ನೆರೋಸರ ಕಾದಂಬರಿಯು ಆ ಏಳರಲ್ಲಿರಲಿಲ್ಲ. ಆದರೆ ಆ ತರಗತಿಗಳ ಪಠ್ಯವಾಗಿದ್ದುದರಿಂದ ಅದರ ಪಾಠವೂ ಅವುಗಳೊಡನೆಯೇ ನಿಂತಿತು. ಟೋನಿ ಡಿಯಾಸ್ ಎಂಬ ಲೇಖಕರೂ ಅವರ ಮಿತ್ರರೂ ತಮಗೆ ‘ಪುಸ್ತಕದ ಕಳ್ಳಸಾಗಣೆಗಾರರು’ ಎಂಬರ್ಥದ ಹೆಸರಿಟ್ಟುಕೊಂಡು, ಅದೇ ವರ್ಷ ಹ್ಯೂಸ್ಟನ್ನಿನಿಂದ ಟೂಸಾನಿಗೆ ಪುಸ್ತಕಗಳನ್ನು ಹೊತ್ತು ನಡೆದರು. ಆ ಶಾಸನವನ್ನು ಜನಾಂಗದ್ವೇಷದಿಂದ ಮಾಡಿ ಜಾರಿಗೆ ತಂದರೆಂದು ನ್ಯಾಯಾಧೀಶ ವಾಲೆಸ್ ತಾಶಿಮಾ ಅವರು ತೀರ್ಪು ಕೊಟ್ಟುದು 2017ರಲ್ಲಿ. ಅಷ್ಟರೊಳಗೆ, ನಿಂತ ತರಗತಿಯ ಮಕ್ಕಳು ಶಾಲೆಯನ್ನು ಬಿಟ್ಟು ದೊಡ್ಡವರಾಗಿ ಹೋಗಿದ್ದರು.

ಇನ್ನು ಪುಸ್ತಕಗಳಿಗೆ ಬರುವೆನು. ಸಿಸ್ನೆರೋಸರ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ 1984ರಲ್ಲಿ ಹೊರಬಂದಿತು. ಷಿಕಾಗೋ ನಗರದ ಬಡ ಬೀದಿಯೊಂದರ ಹುಡುಗಿ ಎಸ್ಪೆರಾನ್ಸಾ, ತನ್ನ ಮನೆಯನ್ನೂ ನೆರೆಯ ಹೆಂಗಸರನ್ನೂ ಚಿಕ್ಕಚಿಕ್ಕ ತುಣುಕುಗಳಲ್ಲಿ ಹೇಳುತ್ತ ಹೋಗುವಳು. ಅವಳಿಗೆ ಆ ಮನೆಯೆಂದರೆ ನಾಚಿಕೆ. ಇಲ್ಲಿಯವರೆಗೆ ನಮ್ಮ ಹಿರಿಯರ ಮಾತು ನಿಜ. ಆದರೆ ತಾಯಿಯ ಪ್ರಕರಣವನ್ನು ಅವರು ಓದಬೇಕಾಗಿದ್ದಿತು. ಎರಡು ಭಾಷೆ ಬಲ್ಲ, ಸಂಗೀತನಾಟಕದ ಹಾಡನ್ನು ಹಾಡಬಲ್ಲ, ಕೆಟ್ಟ ಟೆಲಿವಿಷನ್ನನ್ನು ರಿಪೇರಿ ಮಾಡಬಲ್ಲ ಆ ಹೆಂಗಸು, ಒಳ್ಳೆಯ ಬಟ್ಟೆಯಿಲ್ಲವೆಂಬ ನಾಚಿಕೆಯಿಂದ ಶಾಲೆಯನ್ನು ಬಿಟ್ಟವಳು. ಒಲೆಯ ಮುಂದೆ ಗಂಜಿ ತಿರುವುತ್ತ ಅದನ್ನು ಮಗಳಿಗೆ ತಾನೇ ಹೇಳುವಳು. ನಾಚಿಕೆಯಿಂದ ಏನು ಹಾಳಾಯಿತೆಂಬುದನ್ನು ತಾಯಿಯ ಬಾಯಿಂದಲೇ ಕೇಳಿದ ಹುಡುಗಿ ತಾಯಿಯನ್ನು ದೂರುವಳೆ?

ಎಲಿಜಬೆತ್ ಅಸೆವೆಡೊ ಅವರ ‘ದಿ ಪೊಯೆಟ್ ಎಕ್ಸ್’ (2018) ಇನ್ನೂ ಕಠಿನವಾದುದು. ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿಯನ್ನು ಪಡೆದ ಈ ಪದ್ಯಕಾದಂಬರಿಯ ನಾಯಿಕೆ ಸಿಯೊಮಾರಾ ಹಾರ್ಲೆಮ್ಮಿನ ಡೊಮಿನಿಕನ್ ಹುಡುಗಿ. ತಾಯಿ ಅವಳನ್ನು ಅಕ್ಕಿಕಾಳಿನ ಮೇಲೆ ಮೊಣಕಾಲೂರಿಸುವಳು; ಕವಿತೆಗಳ ನೋಟುಪುಸ್ತಕವನ್ನು ಕಂಡು ಬೆಂಕಿಯಿಡುವಳು. ಮಗಳು ತನ್ನ ಪದ್ಯಗಳನ್ನು ಬಾಯಿಪಾಠವಾಗಿ ಕೂಗುವಳು, ತಾಯಿ ಬೈಬಲ್ಲಿನ ವಚನಗಳನ್ನು ಕೂಗುವಳು, ನಡುವೆ ಪುಸ್ತಕ ಉರಿಯುವುದು. ನಾನು ಇದನ್ನು ಓದಿ ಎರಡು ದಿನ ಮುಂದಕ್ಕೆ ಹೋಗಲಾರದೆ ಕುಳಿತೆನು. ಇಂತಹ ತಾಯಿಯನ್ನು ರಾಕ್ಷಸಿಯಾಗಿ ಮಾಡುವುದು ಬಹು ಸುಲಭ. ಗ್ರಂಥಕರ್ತ್ರಿಯು ಹಾಗೆ ಮಾಡಲಿಲ್ಲ. ಸಂನ್ಯಾಸಿನಿಯಾಗಬೇಕೆಂದಿದ್ದ ಆ ತಾಯಿಯನ್ನು, ಅಮೆರಿಕಕ್ಕೆ ಹೋಗುವ ದಾರಿಯೆಂದು ಮದುವೆಗೆ ನೂಕಿದವರು ಅವಳ ಮನೆಯವರು. ತನ್ನ ವ್ರತವನ್ನು ಕಳೆದುಕೊಂಡವಳು ಅದನ್ನು ಮಗಳ ಮೈಯಲ್ಲಿ ನಡೆಸಹೊರಟಿರುವಳು. ಕೊನೆಗೆ ಇಬ್ಬರೂ ಪಾದ್ರಿಯೊಬ್ಬನ ಎದುರಿಗೆ ಕುಳಿತು ಮಾತಿಗೆ ತೊಡಗುವರು. ಧರ್ಮದ್ವೇಷದ ಪುಸ್ತಕವಾಗಿದ್ದರೆ ಆ ಪಾದ್ರಿಗೆ ಅಲ್ಲಿ ಏನು ಕೆಲಸ?

ಎರಿಕಾ ಸಾಂಚೆಸರ ‘ಐ ಆಮ್ ನಾಟ್ ಯುವರ್ ಪರ್ಫೆಕ್ಟ್ ಮೆಕ್ಸಿಕನ್ ಡಾಟರ್’ (2017) ಕೃತಿಯ ಹೆಸರೇ ನಮ್ಮ ಮಿತ್ರರನ್ನು ಕೆರಳಿಸಿದ್ದೀತು. ಅಕ್ಕ ಸತ್ತಮೇಲೆ, ಅವಳ ಅಳತೆಗೋಲಿನಿಂದಲೇ ತಂಗಿ ಹೂಲಿಯಾಳನ್ನು ಅಳೆಯುವ ಮನೆ ಅದು. ಹುಡುಗಿ ಪ್ರಾಣ ಕಳೆದುಕೊಳ್ಳುವ ಪ್ರಯತ್ನಕ್ಕೂ ಇಳಿಯುವಳು. ಮೆಕ್ಸಿಕೋವಿಗೆ, ಅಜ್ಜಿಯ ಮನೆಗೆ, ಹೋದಾಗಲೇ ಅವಳಿಗೆ ತಿಳಿಯುವುದು: ಗಡಿ ದಾಟುವಾಗ ತಾಯಿಯು ಬಲಾತ್ಕಾರಕ್ಕೆ ಗುರಿಯಾಗಿದ್ದಳೆಂದು. ಮಗಳನ್ನು ಹೊಸಿಲು ದಾಟಗೊಡದ ಭಯವು ಎಲ್ಲಿಂದ ಬಂದಿತೆಂಬುದು ಆಗ ಅವಳಿಗೆ ಕಾಣುವುದು. ಇದು ದೂರೋ, ದೂರಿನ ಉಪಸಂಹಾರವೋ?

ಈ ಪುಸ್ತಕಗಳ ಪಕ್ಷ ಹಿಡಿಯುವವರ ಮೇಲೆಯೂ ನನಗೆ ಅಸಮಾಧಾನವುಂಟು. ಮಕ್ಕಳ ಪುಸ್ತಕವು ಕನ್ನಡಿಯೂ ಹೌದು, ಕಿಟಕಿಯೂ ಹೌದು ಎಂದು ರೂಡೀನ್ ಸಿಮ್ಸ್ ಬಿಷಪ್ ಎಂಬ ವಿದುಷಿಯು 1990ರಲ್ಲಿ ಬರೆದರು; ಒಳ್ಳೆಯ ಮಾತು. ಈಗ ಹಲವರು ಕನ್ನಡಿಯೊಂದನ್ನೇ ಹಿಡಿದುಕೊಂಡು, ಮೆಕ್ಸಿಕನ್ ಹುಡುಗಿಗೆ ಮೆಕ್ಸಿಕನ್ ಕಥೆ ಎಂದು ಪಡಿಯಳೆಯುತ್ತಿರುವರು. ಇದರ ಫಲವಾಗಿ, ಅಜ್ಜಿಯೊಬ್ಬಳು, ಹದಿನೈದನೆಯ ಹುಟ್ಟುಹಬ್ಬದ ಉತ್ಸವವೊಂದು, ತಿಂಡಿಗಳ ಹೆಸರು ನಾಲ್ಕು, ಸ್ಪ್ಯಾನಿಷ್ ಮಾತಿನ ಬೆನ್ನಿಗೇ ಅದರ ಇಂಗ್ಲಿಷ್ ಅರ್ಥ, ಇಷ್ಟನ್ನು ಬೆರಸಿ ಬೇಯಿಸಿದ ಕಾದಂಬರಿಗಳೂ ಬರುತ್ತಿರುವುವು. ಅವುಗಳನ್ನು ಕೊಳ್ಳಿರೆಂದು ನಾನು ಹೇಳುವವನಲ್ಲ. ಮೇಲಣ ಮೂರು ಆ ಜಾತಿಯವಲ್ಲ. ಅವನ್ನು ಹುಡುಗಿಯರಷ್ಟೇ ಅಲ್ಲ, ಅವರ ತಾಯಂದಿರೂ ಓದಬೇಕು. ಹುಡುಗಿಯರಿಗಿಂತ ಮುಂಚೆ ಓದಿದರೂ ಅಡ್ಡಿಯಿಲ್ಲ.

ಒಂದು ಪ್ರಶ್ನೆಯನ್ನು ಮಾತ್ರ ಆ ಹಿರಿಯರಲ್ಲಿ ವಿನಯದಿಂದ ಕೇಳುವೆನು. ಸಿಯೊಮಾರಾಳ ತಾಯಿಯು ನೋಟುಪುಸ್ತಕವನ್ನು ತೆರೆದು ಓದಿಯಾದರೂ ಸುಟ್ಟಳು. ನಾವು ಓದದೆಯೇ ಪಟ್ಟಿಯಿಂದ ಹೊಡೆದುಹಾಕಿದೆವಲ್ಲ, ಅದಕ್ಕೇನೆನ್ನೋಣ? ನನ್ನ ಸ್ವಂತ ಪ್ರತಿಗಳು ಮೂರನ್ನೂ ಈ ವಾರ ವಾಚನಾಲಯದ ಕಾರ್ಯದರ್ಶಿಗಳ ವಶಕ್ಕೆ ಒಪ್ಪಿಸಿರುವೆನು. ಮುಂದಿನ ಪಟ್ಟಿಯ ಸಭೆಗೆ ಇನ್ನೂ ಐದು ವಾರಗಳಿವೆ. ಎಲ್ಲಕ್ಕಿಂತ ಚಿಕ್ಕದಾದ ಸಿಸ್ನೆರೋಸರ ಪುಸ್ತಕವು ಒಂದು ಸಂಜೆಯ ಓದು.