ಕನ್ನಡ ಕ್ರೈಸ್ತ ಗೀತೆ ಮತ್ತು ಸಂಚಾರಿ ಸಂಗೀತ ಕಾರ್ಯಾಗಾರ: ಕೆಲವು ಪ್ರಶ್ನೆಗಳು

೧

ಕನ್ನಡದ ಹಾಡುವ ಸಾಹಿತ್ಯವನ್ನು ಕುರಿತ ಅಧ್ಯಯನವು ಕಳೆದ ಕೆಲವು ದಶಕಗಳಲ್ಲಿ ಗಮನಾರ್ಹವಾಗಿ ವಿಸ್ತರಿಸಿದೆ. ದಾಸರ ಪದಗಳಿಂದ ತೊಡಗಿ ತತ್ವಪದ, ಮಂಟೇಸ್ವಾಮಿ ಮತ್ತು ಮಲೆಯ ಮಾದೇಶ್ವರ ಕಾವ್ಯಗಳು, ಉತ್ತರ ಕರ್ನಾಟಕದ ಮೊಹರಂ ಪದಗಳವರೆಗೆ ಅನೇಕ ಧಾರೆಗಳು ಸಂಗ್ರಹಗೊಂಡಿವೆ, ವಿಶ್ಲೇಷಣೆಗೂ ಒಳಗಾಗಿವೆ. ಈ ಸಾಲಿನಲ್ಲಿ ಸೇರಬೇಕಾಗಿದ್ದ ಕನ್ನಡ ಕ್ರೈಸ್ತ ಗೀತೆ ಮಾತ್ರ ಬಹುಮಟ್ಟಿಗೆ ಹೊರಗೇ ಉಳಿದಿದೆ. ಮಿಶನರಿಗಳ ನಿಘಂಟು, ವ್ಯಾಕರಣ, ಪತ್ರಿಕೆ, ಮುದ್ರಣಗಳ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಆದರೆ ಅವರು ಹಾಡಿಸಿದ್ದನ್ನು, ಅದಕ್ಕಿಂತ ಮುಖ್ಯವಾಗಿ ಇಲ್ಲಿನ ಜನ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದನ್ನು ಕಿವಿಗೊಟ್ಟು ಕೇಳಿಲ್ಲ.

ಈ ಮಾತನ್ನು ಈಗ ಎತ್ತಲು ಒಂದು ನಿರ್ದಿಷ್ಟ ಕಾರಣವಿದೆ. ಛಂದಸ್ಸು ಮತ್ತು ಗೇಯತೆಯ ಸಂಬಂಧವನ್ನು ಕುರಿತ ನನ್ನ ಕ್ಷೇತ್ರಕಾರ್ಯದ ಅಂಗವಾಗಿ ಧಾರವಾಡ ಸೀಮೆಯ ಚರ್ಚೊಂದರಲ್ಲಿ ನಡೆದ ಮೂರು ದಿನಗಳ ಸಂಗೀತ ಕಾರ್ಯಾಗಾರವನ್ನು ಗಮನಿಸುವ ಅವಕಾಶ ನನಗೆ ದೊರೆಯಿತು. ಬೇರೆ ಊರಿನಿಂದ ಬಂದಿದ್ದ ಸಂಗೀತ ಸೇವಾತಂಡವು ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಅಲ್ಲಿನ ಯುವಕ ಯುವತಿಯರಿಗೆ ಹಾಡು ಕಲಿಸಿ, ಭಾನುವಾರದ ಆರಾಧನೆಯನ್ನು ಅವರ ಜೊತೆಗೂಡಿ ನಡೆಸಿಕೊಟ್ಟಿತು. ಉಸಿರಿನ ಹಿಡಿತ, ಶ್ರುತಿಶುದ್ಧಿ, ಧ್ವನಿಗಳ ವಿಂಗಡಣೆ, ಧ್ವನಿವರ್ಧಕದ ಬಳಕೆ ಎಲ್ಲವನ್ನೂ ಶ್ರದ್ಧೆಯಿಂದ ಹೇಳಿಕೊಟ್ಟರು. ಕಲಿಸಿದ ಹಾಡುಗಳಲ್ಲಿ ಹೆಚ್ಚಿನವು ಇಂಗ್ಲಿಷ್, ತಮಿಳು, ಹಿಂದಿಗಳಿಂದ ಧಾಟಿಸಮೇತ ಬಂದ ಅನುವಾದಗಳು. ಹಿಂದಿನ ಬೆಂಚಿನಲ್ಲಿ ಎಪ್ಪತ್ತೈದು ದಾಟಿದ ಹಿರಿಯರೊಬ್ಬರು ರಟ್ಟು ಕಳಚಿದ ಹಾಡಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದರು. ಊಟದ ಬಿಡುವಿನಲ್ಲಿ ಅವರು ನನಗಾಗಿ ಒಂದು ಹಳೆಯ ಕೀರ್ತನೆಯನ್ನು ಹಾಡಿದರು. ಪುಸ್ತಕದಲ್ಲಿ ಅದರ ನೆತ್ತಿಯ ಮೇಲೆ ರಾಗ, ತಾಳಗಳ ಹೆಸರಷ್ಟೇ ಇದ್ದವು. “ಪುಸ್ತಕದಾಗ ಮಾತು ಐತ್ರಿ, ಧಾಟಿ ಇಲ್ಲ” ಎಂದರು. ಆ ಧಾಟಿಯನ್ನು ಬಲ್ಲವರು ಆ ಸಭೆಯಲ್ಲಿ ಈಗ ಅವರೊಬ್ಬರೇ.

ಈ ಸಂದರ್ಭವನ್ನು ಹಳತು ಹೊಸತುಗಳ ಜಗಳವೆಂದು ಸರಳೀಕರಿಸುವುದು ನನ್ನ ಉದ್ದೇಶವಲ್ಲ. ಕನ್ನಡ ಕ್ರೈಸ್ತ ಗೀತೆಯೆಂಬ ಮೌಖಿಕ ಪರಂಪರೆ ಇಂದು ರೂಪುಗೊಳ್ಳುವ, ಬದಲಾಗುವ ಹಾಗೂ ಕಳೆದುಹೋಗುವ ಮುಖ್ಯ ತಾಣಗಳಲ್ಲಿ ಇಂಥ ಸಂಚಾರಿ ಕಾರ್ಯಾಗಾರವೂ ಒಂದು. ಆದ್ದರಿಂದ ಅದು ಕನ್ನಡ ವಿಭಾಗಗಳ ಕಾಳಜಿಯೂ ಆಗಬೇಕು ಎಂಬುದು ಈ ಬರಹದ ನಿಲುವು.

೨

ಚರಿತ್ರೆಯತ್ತ ಒಂದು ನೋಟ ಇಲ್ಲಿ ಅಗತ್ಯ. ಬಾಸೆಲ್ ಮಿಶನ್ನಿನ ಮೊದಲ ತಂಡ ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಮುಂದಿನ ಏಳು ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಅದರ ಕೇಂದ್ರಗಳು ನೆಲೆಗೊಂಡವು. ೧೮೪೧ರಲ್ಲಿ ಮಂಗಳೂರಿನ ಮುದ್ರಣಾಲಯ ಆರಂಭವಾಯಿತು. ಜರ್ಮನ್ ಪ್ರೊಟೆಸ್ಟೆಂಟ್ ಸಂಪ್ರದಾಯದಲ್ಲಿ ಸಭೆಯೆಲ್ಲವೂ ಒಕ್ಕೊರಲಿನಿಂದ ಹಾಡುವುದು ಆರಾಧನೆಯ ಅವಿಭಾಜ್ಯ ಅಂಗ. ಆದಕಾರಣ ಬೋಧನೆಯ ಗದ್ಯದಷ್ಟೇ ತುರ್ತಾಗಿ ಹಾಡುವ ಪದ್ಯವೂ ಕನ್ನಡದಲ್ಲಿ ಬೇಕಾಯಿತು. ತಾಯ್ನಾಡಿನ ಧಾಟಿಗಳನ್ನು ಹಾಗೆಯೇ ಇರಿಸಿಕೊಂಡು ಅದಕ್ಕೆ ಕನ್ನಡ ಮಾತನ್ನು ಹೊಂದಿಸುವುದು ಅವರು ಹಿಡಿದ ಒಂದು ಹಾದಿ.

ಇನ್ನೊಂದು ಹಾದಿಯೂ ಇತ್ತು. ಹೆರ್ಮನ್ ಮೋಗ್ಲಿಂಗ್ ೧೮೫೦ರಲ್ಲಿ ದಾಸರ ಪದಗಳ ಸಂಕಲನವನ್ನು ಹೊರತಂದರು. ಫರ್ಡಿನೆಂಡ್ ಕಿಟೆಲ್ ೧೮೬೨ರಲ್ಲಿ ‘ಕಥಾಮಾಲೆ’ಯ ಮೂಲಕ ಕ್ರಿಸ್ತನ ಚರಿತೆಯನ್ನು ಈ ನೆಲದ ಛಂದೋಲಯಗಳಲ್ಲಿ ಹೇಳಲು ಯತ್ನಿಸಿದರು. ಅವರೇ ಮುಂದೆ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು. ಕಿಟೆಲ್ಲರ ಛಂದಸ್ಸಿನ ಆಸಕ್ತಿಯನ್ನು ನಾವು ಶುದ್ಧ ಪಾಂಡಿತ್ಯದ ಚೌಕಟ್ಟಿನಲ್ಲಿಟ್ಟು ನೋಡುವುದೇ ಹೆಚ್ಚು. ಕನ್ನಡ ಮಾತು ಹಾಡಾಗಿ ನಿಲ್ಲುವುದು ಹೇಗೆ ಎಂಬ ಪ್ರಾಯೋಗಿಕ ಪ್ರಶ್ನೆಯೂ ಅದರ ಹಿಂದೆ ಇದ್ದಿರಬೇಕು ಎಂದು ನನಗೆ ತೋರುತ್ತದೆ. ಪಾಶ್ಚಾತ್ಯ ಧಾಟಿಯ ಗೀತೆ, ದೇಶೀಯ ಧಾಟಿಯ ಕೀರ್ತನೆ ಎಂದು ಈ ಎರಡು ಹಾದಿಗಳನ್ನು ಅನುಕೂಲಕ್ಕಾಗಿ ಕರೆಯಬಹುದು. ಕಥೋಲಿಕ ಸಭೆಯಲ್ಲಿ ಈ ಪ್ರಶ್ನೆ ವ್ಯಾಪಕವಾಗಿ ಎದುರಾದದ್ದು ತಡವಾಗಿ. ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೩ರಲ್ಲಿ ಆರಾಧನೆಗೆ ದೇಶಭಾಷೆಗಳ ಬಾಗಿಲು ತೆರೆದು, ಆಯಾ ಜನರ ಸಂಗೀತಕ್ಕೂ ಮನ್ನಣೆ ನೀಡಿದ ಮೇಲೆ ಕನ್ನಡ ಪೂಜಾಗೀತೆಗಳಿಗೆ ಹೊಸ ಬೇಡಿಕೆ ಹುಟ್ಟಿತು.

ಶ್ರೀನಿವಾಸ ಹಾವನೂರರ ‘ಹೊಸಗನ್ನಡದ ಅರುಣೋದಯ’ (೧೯೭೪) ಮಿಶನರಿ ಕಾಲದ ಸಾಹಿತ್ಯದ ಆಕರಗಳನ್ನು ನಮ್ಮ ಮುಂದೆ ತೆರೆದಿಟ್ಟಿತು. ಆದರೆ ಆ ದಾರಿಯಲ್ಲಿ ಹೋದವರು ಬಹುತೇಕ ಮುದ್ರಿತ ಪಠ್ಯದ ಬಳಿ ನಿಂತೆವು. ಹಾಡಿನ ಪುಸ್ತಕವು ಹಾಡಿನ ಅರ್ಧ ಮಾತ್ರ ಎಂಬ ಸಂಗತಿ ನಮಗೆ ತೊಡಕೆನಿಸಲಿಲ್ಲ.

೩

ಗೀತೆಯ ಹಾದಿಯಲ್ಲಿ ಎದುರಾದ ಛಂದಸ್ಸಿನ ಸಮಸ್ಯೆ ಇಂದಿನ ಕಾರ್ಯಾಗಾರದಲ್ಲಿಯೂ ಜೀವಂತವಾಗಿದೆ. ಇಂಗ್ಲಿಷ್ ಸ್ತುತಿಗೀತೆಗಳ ಬಹುಪರಿಚಿತ ಬಂಧವೊಂದರಲ್ಲಿ ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲುಗಳಿರುತ್ತವೆ. ಅಲ್ಲಿ ಲೆಕ್ಕ ಅಕ್ಷರಗಳದ್ದು. ನಡಿಗೆ ಒತ್ತಿಲ್ಲದ ಅಕ್ಷರದಿಂದ ಒತ್ತುಳ್ಳ ಅಕ್ಷರಕ್ಕೆ. ಕನ್ನಡದ ಲೆಕ್ಕ ಮಾತ್ರೆಗಳದ್ದು. ಪದದ ಮೊದಲ ಅಕ್ಷರಕ್ಕೇ ಇಲ್ಲಿ ಪ್ರಾಧಾನ್ಯ. ಅಂಥ ಧಾಟಿಗೆ ‘ಕರುಣೆ’ ಎಂಬ ಮಾತಿನಿಂದ ಸಾಲನ್ನು ಆರಂಭಿಸಿದರೆ ‘ಕ’ ತಾಳದ ಹೊರಗೆ ಉಳಿದು, ‘ರು’ ಪೆಟ್ಟಿನ ಮೇಲೆ ಬಿದ್ದು, ಕೇಳುವವರಿಗೆ ‘ಕರೂಣೆ’ಯಾಗುತ್ತದೆ. ‘ದೇವರು’ ಎಂಬಲ್ಲಿ ಗುರುವಿನ ಜಾಗ ಕುಗ್ಗಿ ಲಘು ಹಿಗ್ಗಿ ‘ದೆವಾರು’ ಆಗುತ್ತದೆ. ನಾನು ನೋಡಿದ ಕಾರ್ಯಾಗಾರದಲ್ಲಿ ಹುಡುಗರು ಎಡವಿದ್ದು ಇಂಥ ಜಾಗಗಳಲ್ಲಿಯೇ. ತರಬೇತುದಾರರು ಅದನ್ನು ಶ್ರುತಿಯ ಅಥವಾ ಅಭ್ಯಾಸದ ಕೊರತೆ ಎಂದು ಭಾವಿಸಿ ಮತ್ತೆ ಮತ್ತೆ ಹಾಡಿಸಿದರು. ದೋಷ ಕೊರಳಿನದಾಗಿರಲಿಲ್ಲ, ಪದ್ಯದ್ದಾಗಿತ್ತು.

ಹಾಡಿನಲ್ಲಿ ಹ್ರಸ್ವ ದೀರ್ಘವಾಗುವುದು ನಮ್ಮಲ್ಲಿಯೂ ಇಲ್ಲವೇ ಎಂಬ ಆಕ್ಷೇಪಣೆ ಸಹಜ. ಇದೆ. ತ್ರಿಪದಿಯ ಹಾಡುಗಾರಿಕೆಯಲ್ಲಿ ಅಂಶಗಣವನ್ನು ತುಂಬಲು ಲಘುವನ್ನು ಎಳೆಯುವುದನ್ನು ನಾವು ಕರ್ಷಣವೆಂದು ಗುರುತಿಸುತ್ತೇವೆ. ಆದರೆ ಕರ್ಷಣವು ಸಾಮಾನ್ಯವಾಗಿ ಗಣದ ಕೊನೆಯಲ್ಲಿ ಬರುತ್ತದೆ, ಪದದ ಗುರುತು ಕೆಡದಂತೆ ಬರುತ್ತದೆ. ಧಾಟಿಯ ಬಲವಂತದಿಂದ ಪದದ ನಡುವೆ ಬೀಳುವ ಪೆಟ್ಟು ಬೇರೆ ಬಗೆಯದು. ಅದು ಅರ್ಥಕ್ಕೇ ತಗಲುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದಲ್ಲ. ಹೊಸಗನ್ನಡ ಛಂದಸ್ಸಿನ ಚರ್ಚೆಯಲ್ಲಿ ನಾವು ‘ಪದ್ಮಗಣ’ ಎಂದು ಹೆಸರಿಸುವ, ಸಾಲಿನ ಮೊದಲಿಗೆ ಲಯದ ಹೊರಗೆ ನಿಲ್ಲುವ ಘಟಕ ಇಂಥ ಕಡೆಗಳಿಗೇ ಹೇಳಿ ಮಾಡಿಸಿದಂತಿದೆ. ‘ಓ’, ‘ಎಲೆ’, ‘ಈ’ ಮೊದಲಾದ ಸಣ್ಣ ಮಾತುಗಳನ್ನು ತಾಳದ ಹೊರಗಿಟ್ಟು, ಮುಖ್ಯ ಪದವನ್ನು ಪೆಟ್ಟಿನ ಮೇಲೆ ತಂದರೆ ಪಾಶ್ಚಾತ್ಯ ಧಾಟಿಯಲ್ಲಿಯೂ ಕನ್ನಡ ಕನ್ನಡವಾಗಿಯೇ ಕೇಳಿಸುತ್ತದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ (೧೯೨೬) ಎದುರಿಸಿ ಗೆದ್ದ ಸವಾಲು ಇದಕ್ಕೆ ತೀರ ಸಮೀಪದ್ದು. ಪಾಶ್ಚಾತ್ಯ ಪದ್ಯಬಂಧಕ್ಕೆ ಕನ್ನಡ ಮಾತನ್ನು ಒಗ್ಗಿಸುವ ಕೆಲಸ ಚರ್ಚುಗಳ ಹಾಡಿನ ಪುಸ್ತಕಗಳಲ್ಲಿ ಅದಕ್ಕೂ ದಶಕಗಳ ಹಿಂದೆಯೇ ನಡೆದಿತ್ತು. ಆ ಪ್ರಯೋಗಗಳಲ್ಲಿ ಸೋತದ್ದೆಷ್ಟು, ಗೆದ್ದದ್ದೆಷ್ಟು ಎಂಬುದನ್ನು ಪರಿಶೀಲಿಸದೆ ನವೋದಯದ ಛಂದಸ್ಸಿನ ಚರಿತ್ರೆ ಪೂರ್ಣವಾಗಲಾರದು.

೪

ಇನ್ನು ಕಲಿಕೆಯ ವಿಧಾನದ ಪ್ರಶ್ನೆ. ಹೊರಗಿನಿಂದ ಬಂದು ಹಾಡು ಕಲಿಸುವವರು ನಮ್ಮ ಸಂಸ್ಕೃತಿಗೆ ಹೊಸಬರಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡಾಟ, ಸಣ್ಣಾಟ, ನಾಟಕಗಳನ್ನು ಕಲಿಸಲು ಮಾಸ್ತರರನ್ನು ಕರೆಸುವ ರೂಢಿಯಿದೆ. ಪೇಟಿ ಮಾಸ್ತರರು ಊರಲ್ಲಿ ತಿಂಗಳುಗಟ್ಟಲೆ ಉಳಿದು, ರಾತ್ರಿ ತಾಲೀಮು ನಡೆಸಿ, ಊರವರ ಕೊರಳನ್ನೂ ಮಾತಿನ ಧಾಟಿಯನ್ನೂ ಅರಿತು ಹಾಡನ್ನು ತಿದ್ದುತ್ತಿದ್ದರು. ಅವರು ಬಾರಿಸುತ್ತಿದ್ದ ಪೇಟಿಯೂ ೧೯ನೆಯ ಶತಮಾನದಲ್ಲಿ ಯುರೋಪಿನಿಂದ ಬಂದ ವಾದ್ಯವೇ. ಇಂದು ಭಜನೆಯ ಮೇಳ ಅದಿಲ್ಲದೆ ನಡೆಯದು. ಆದ್ದರಿಂದ ಕೀಬೋರ್ಡ್, ಗಿಟಾರುಗಳನ್ನು ಕಂಡು ಮುಖ ಸಿಂಡರಿಸುವ ನೈತಿಕ ಹಕ್ಕು ನಮಗಿಲ್ಲ. ವಾದ್ಯದ ಮೂಲ ಯಾವುದೆಂಬುದಕ್ಕಿಂತ ಕಲಿಸುವವರು ಊರಿನಲ್ಲಿ ಎಷ್ಟು ಹೊತ್ತು ಕಿವಿಗೊಟ್ಟು ಕುಳಿತರು ಎಂಬುದು ಮುಖ್ಯ. ಪೇಟಿ ಮಾಸ್ತರರು ಮಳೆಗಾಲ ಕಳೆಯುವಷ್ಟು ಕಾಲ ಉಳಿಯಬಲ್ಲವರಾಗಿದ್ದರು. ಸಂಗೀತ ತಂಡಕ್ಕೆ ದೊರೆಯುವುದು ಎರಡು ದಿನ. ಎರಡು ದಿನದಲ್ಲಿ ಕಲಿಸಬಹುದೇ ಹೊರತು ಕೇಳಿಸಿಕೊಳ್ಳುವುದು ಕಷ್ಟ. ತಂಡದವರ ಶ್ರದ್ಧೆಯ ಬಗ್ಗೆ ನನಗೆ ಸಂದೇಹವಿಲ್ಲ. ವ್ಯವಸ್ಥೆಯ ಸ್ವರೂಪವೇ ಹಾಗಿದೆ.

‘ದೇಶೀಯ’ ಎಂಬ ಮಾತನ್ನೂ ನಾವು ಎಚ್ಚರದಿಂದ ಬಳಸಬೇಕು. ಈ ಬಗೆಯ ಚಿಂತನೆಗೆ ನೆರೆಯ ತಮಿಳುನಾಡಿನ ಒಂದು ನಿದರ್ಶನ ಉಪಯುಕ್ತ. ಮದುರೆಯ ತಮಿಳುನಾಡು ಥಿಯಲಾಜಿಕಲ್ ಸೆಮಿನರಿಯಲ್ಲಿ ಬೋಧಕರಾಗಿದ್ದ, ೨೦೦೫ರಲ್ಲಿ ತೀರಿಕೊಂಡ ಜೆ. ಥಿಯೋಫಿಲಸ್ ಅಪ್ಪಾವೂ ಅವರು ಪಾಶ್ಚಾತ್ಯ ಸ್ತುತಿಗೀತೆಯ ಜೊತೆಗೆ ಕರ್ನಾಟಕ ಸಂಗೀತದ ಕೀರ್ತನೆಯನ್ನೂ ಪ್ರಶ್ನಿಸಿದರು. ದಲಿತ ಸಭೆಗಳ ಪಾಲಿಗೆ ಎರಡೂ ಮೇಲಿನವರ ಸಂಗೀತವೇ ಎಂಬುದು ಅವರ ವಾದವಾಗಿತ್ತು. ಹಳ್ಳಿಯ ಜನಪದ ಧಾಟಿಗಳಲ್ಲಿ ಅವರು ಆರಾಧನಾ ವಿಧಿಯನ್ನೇ ರಚಿಸಿದರು. ಹಾಡುವವರು ತಮ್ಮ ಬದುಕಿಗೆ ತಕ್ಕಂತೆ ಹಾಡನ್ನು ಬದಲಿಸಿಕೊಳ್ಳಬಹುದಾದ ಗುಣವನ್ನು ಅದರ ಶಕ್ತಿಯೆಂದು ಬಗೆದರು. ಕನ್ನಡದ ಅನೇಕ ಗ್ರಾಮೀಣ ಸಭೆಗಳ ಸಾಮಾಜಿಕ ಹಿನ್ನೆಲೆಯನ್ನು ನೆನೆದರೆ ಈ ಪ್ರಶ್ನೆ ನಮ್ಮದೂ ಹೌದು. ಹಲಗೆ, ತಮಟೆ, ಏಕತಾರಿ, ದಮ್ಮಡಿಗಳ ನಡುವೆ ಬೆಳೆದ ಜನರಿಗೆ ಯಾವುದು ‘ತಮ್ಮ’ ಸಂಗೀತ ಎಂಬುದನ್ನು ತರಬೇತುದಾರರಾಗಲೀ ಸಂಶೋಧಕರಾಗಲೀ ಅವರ ಪರವಾಗಿ ತೀರ್ಮಾನಿಸುವಂತಿಲ್ಲ. ಹೊಸ ಹಾಡುಗಳನ್ನು ಹುಡುಗರು ಪ್ರೀತಿಯಿಂದಲೇ ಆರಿಸಿಕೊಂಡಿದ್ದಾರೆ ಎಂಬ ಸತ್ಯವನ್ನೂ ಮರೆಯಬಾರದು. ಆದರೆ ಆಯ್ಕೆ ಮಾಡಿಕೊಳ್ಳಲು ಎರಡೂ ಅವರ ಮುಂದಿರಬೇಕು. ಕೇಳದೆಯೇ ಮರೆಯಾದದ್ದನ್ನು ಯಾರೂ ಆಯ್ದುಕೊಳ್ಳಲಾರರು.

೫

ಆ ಹಿರಿಯರು ಹಾಡಿದಾಗ ನಾನು ಮಾತನ್ನು ಬರೆದುಕೊಂಡೆ, ಮಾತ್ರಾಗಣಗಳನ್ನು ವಿಂಗಡಿಸಿದೆ, ಧ್ವನಿಮುದ್ರಿಸಿಕೊಂಡೆ. ಧಾಟಿಯನ್ನು ಮಾತ್ರ ಬರೆಯಲಾಗಲಿಲ್ಲ. ಕನ್ನಡ ಎಂ.ಎ. ತರಗತಿಯಲ್ಲಿ ನನಗೆ ಷಟ್ಪದಿಗೆ ಪ್ರಸ್ತಾರ ಹಾಕುವುದನ್ನು ಕಲಿಸಿದ್ದರು. ಹಾಡಿದ್ದನ್ನು ಸ್ವರಲಿಪಿಯಲ್ಲಿ ಬರೆಯುವುದನ್ನು ಕಲಿಸಿರಲಿಲ್ಲ. ಆ ವಿದ್ಯೆ ಬಲ್ಲವರು ಅದೇ ಕಟ್ಟಡದಲ್ಲಿದ್ದರು. ಶನಿವಾರ ಸಂಜೆ ಸಂಕೋಚದಿಂದಲೇ ತಂಡದ ಕೀಬೋರ್ಡ್ ವಾದಕಿಯನ್ನು ಕೇಳಿಕೊಂಡೆ. ಅವರು ಹಿರಿಯರ ಪಕ್ಕದಲ್ಲಿ ಕುಳಿತು, ಪಲ್ಲವಿಯನ್ನು ಮೂರು ಸಲ ಹಾಡಿಸಿ, ಅರ್ಧ ಗಂಟೆಯೊಳಗೆ ಇಡೀ ಕೀರ್ತನೆಯನ್ನು ಸ್ವರಗಳಲ್ಲಿ ಬರೆದುಕೊಟ್ಟರು. ಇಬ್ಬರಿಗೂ ಪರಸ್ಪರ ಪರಿಚಯವಾದದ್ದು ಆಗಲೇ. ಭಾನುವಾರದ ಆರಾಧನೆಯಲ್ಲಿ ಹೊಸ ಹಾಡುಗಳ ನಡುವೆ ಆ ಕೀರ್ತನೆಯ ಪಲ್ಲವಿಯೂ ಸೇರಿತ್ತು. ಹುಡುಗರು ಅದನ್ನು ತೊಡಕಿಲ್ಲದೆ ಹಾಡಿದರು. ಮಾತಿನ ಗುರುಲಘುಗಳು ಧಾಟಿಯ ಏರಿಳಿತಕ್ಕೆ ಒಪ್ಪಿಕೊಂಡಿದ್ದವು.

ಈ ಅನುಭವದ ಆಧಾರದ ಮೇಲೆ ಕೆಲವು ಸಲಹೆಗಳನ್ನು ವಿದ್ವಾಂಸರ ಪರಿಶೀಲನೆಗಾಗಿ ಮುಂದಿಡುತ್ತೇನೆ. ಮೊದಲನೆಯದಾಗಿ, ಕಾರ್ಯಾಗಾರಗಳು ಆ ಸಭೆಯ ಹಿರಿಯರಿಂದ ಹಾಡು ಕೇಳುವ ಒಂದು ಅವಧಿಯಿಂದಲೇ ಆರಂಭವಾಗಲಿ. ಹಾಗೆ ಕೇಳಿದ್ದು ಧ್ವನಿಮುದ್ರಿತವಾಗಿ ಸ್ವರಲಿಪಿಗೂ ಇಳಿಯಲಿ. ಎರಡನೆಯದಾಗಿ, ಅನುವಾದಿತ ಗೀತೆಯನ್ನು ಕಲಿಸುವ ಮೊದಲು ಧಾಟಿಯನ್ನು ಬದಿಗಿಟ್ಟು ಮಾತನ್ನು ಗಟ್ಟಿಯಾಗಿ ಓದಿ, ಪೆಟ್ಟು ಎಲ್ಲಿ ಬೀಳುತ್ತದೆಂದು ನೋಡುವ ಪರಿಪಾಠ ಬರಲಿ. ಇದಕ್ಕೆ ಛಂದಸ್ಸು ಬಲ್ಲ ಕನ್ನಡ ಅಧ್ಯಾಪಕರ ನೆರವು ಬೇಕು. ಅದನ್ನು ಕೊಡಲು ನಾವು ಆರಾಧಕರಾಗಬೇಕಾಗಿಲ್ಲ. ಮೊಹರಂ ಪದಗಳನ್ನು ಸಂಗ್ರಹಿಸುವಾಗ ನಾವು ಅಂಥ ಷರತ್ತನ್ನು ಹಾಕಿಕೊಂಡಿರಲಿಲ್ಲವಷ್ಟೆ. ಮೂರನೆಯದಾಗಿ, ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಛಂದಸ್ಸಿನ ಪತ್ರಿಕೆಯಲ್ಲಿ ಸ್ವರಲಿಪಿಯ ಪ್ರಾಥಮಿಕ ಪರಿಚಯವನ್ನು ಅಳವಡಿಸಬೇಕು. ಹಾಡನ್ನು ಕೇಳಿ ಬರೆಯಲಾರದ ಸಂಶೋಧಕರು ಹಾಡುಗಬ್ಬದ ಬಗ್ಗೆ ಹೇಳುವ ಮಾತು ಯಾವಾಗಲೂ ಅರ್ಧ ಮಾತೇ.

ಮುದ್ರಿತ ಹಾಡಿನ ಪುಸ್ತಕಗಳು ಗ್ರಂಥಾಲಯಗಳಲ್ಲಿ ಇನ್ನೂ ಹಲವು ಕಾಲ ಉಳಿಯುತ್ತವೆ. ಧಾಟಿಗಳಿಗೆ ಅಂಥ ಆಸರೆಯಿಲ್ಲ. ಅವು ಹಿಂದಿನ ಬೆಂಚುಗಳಲ್ಲಿ ಕುಳಿತ ಕೆಲವರ ನೆನಪಿನಲ್ಲಿವೆ. ಅವರ ಬಳಿಗೆ ತಂಡಗಳು ವರ್ಷಕ್ಕೊಮ್ಮೆಯಾದರೂ ಹೋಗುತ್ತಿವೆ. ಕನ್ನಡ ವಿಭಾಗಗಳಿಂದ ಒಬ್ಬರಾದರೂ ಅವರ ಜೊತೆ ಹೋಗಬೇಕಾದ ಕಾಲ ಇದು.